ಗೇಣುದ್ದದ ಕಾಗದದಲ್ಲಿ ನಾಲ್ವರು ಸಂತರು

ಇಟಲಿಯ ಉತ್ತರ ಭಾಗದಲ್ಲಿರುವ ವೆರೋನಾ ನಗರಕ್ಕೆ ಹೋದ ಪ್ರವಾಸಿಗಳು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಜೂಲಿಯೆಟ್ಟಳ ಮನೆಯನ್ನು. ಕಥೆಯಲ್ಲಿ ಬರುವ ಹುಡುಗಿಗೆ ಊರಿನವರು ಒಂದು ಮನೆಯನ್ನೂ ಒಂದು ಮಹಡಿಯನ್ನೂ ಒದಗಿಸಿಕೊಟ್ಟಿದ್ದಾರೆ. ಆ ಗದ್ದಲದಿಂದ ಸ್ವಲ್ಪ ದೂರ ನಡೆದರೆ ಸಂತ ಝೆನೋನ ಹೆಸರಿನ ಪುರಾತನ ಬಸಿಲಿಕ ಸಿಗುತ್ತದೆ. ಅದರ ಪ್ರಧಾನ ಬಲಿಪೀಠದ ಹಿಂದೆ, ಚಿನ್ನದ ಮುಲಾಮಿನ ಭಾರಿ ಮರದ ಚೌಕಟ್ಟಿನೊಳಗೆ, ನಡುವೆ ಬಾಲಯೇಸುವನ್ನು ಹಿಡಿದ ಮಾತೆ ಮರಿಯ, ಅಕ್ಕಪಕ್ಕದಲ್ಲಿ ನಾಲ್ಕು ನಾಲ್ಕು ಮಂದಿ ಸಂತರು ನಿಂತಿರುವ ಚಿತ್ರವಿದೆ. ಆಂಡ್ರಿಯಾ ಮಾಂತೆನ್ಯ ಎಂಬ ಕಲಾವಿದ ಹದಿನೈದನೆಯ ಶತಮಾನದ ಮಧ್ಯಭಾಗದಲ್ಲಿ ಬರೆದದ್ದು. ಮುಖ್ಯ ಚಿತ್ರದ ಕೆಳಗೆ ಯೇಸುವಿನ ಕೊನೆಯ ದಿನಗಳನ್ನು ಹೇಳುವ ಮೂರು ಚಿಕ್ಕ ಚಿತ್ರಗಳಿವೆ. ಆದರೆ ಈ ಮೂರನ್ನು ಮಾಂತೆನ್ಯ ಬರೆದಿಲ್ಲ. ಅವು ನಕಲುಗಳು. ಮೂಲಚಿತ್ರಗಳು ಫ್ರಾನ್ಸಿನಲ್ಲಿವೆ.

ವೆರೋನಾದಿಂದ ಹೊರಗೆ ಹೋದದ್ದು ಇಷ್ಟೇ ಅಲ್ಲ. ಎಡಬದಿಯ ನಾಲ್ವರು ಸಂತರನ್ನು ಹೇಗೆ ನಿಲ್ಲಿಸಬೇಕೆಂದು ಯೋಚಿಸುತ್ತಾ ಮಾಂತೆನ್ಯ ಲೇಖನಿಯಿಂದ ಗೀಚಿದ ಒಂದು ಕಾಗದವೂ ಉಳಿದುಬಂದಿದೆ. ಅದು ಇರುವುದು ಅಮೆರಿಕದ ಲಾಸ್ ಏಂಜಲೀಸ್ ನಗರದ ಗೆಟ್ಟಿ ವಸ್ತುಸಂಗ್ರಹಾಲಯದಲ್ಲಿ, ಬಸಿಲಿಕದಿಂದ ಹೆಚ್ಚು ಕಡಿಮೆ ಹತ್ತು ಸಾವಿರ ಕಿಲೋಮೀಟರು ದೂರದಲ್ಲಿ. ಎತ್ತರ 19.5 ಸೆಂಟಿಮೀಟರು, ಅಗಲ 13.1 ಸೆಂಟಿಮೀಟರು. ಶಾಲೆಯ ಮಕ್ಕಳ ಕಾಪಿ ಪುಸ್ತಕದ ಹಾಳೆಗಿಂತ ಚಿಕ್ಕದು. ಕೈ ಅಗಲಿಸಿ ಗೇಣು ಹಾಕಿದರೆ ನಾಲ್ವರೂ ಅಂಗೈಯ ಕೆಳಗೆ ಮುಚ್ಚಿಹೋಗುತ್ತಾರೆ.

ದೊಡ್ಡ ಚಿತ್ರ ಸೈನ್ಯದ ಬಲದಿಂದ ಊರು ಬಿಟ್ಟು ಹೋಯಿತು, ಆಮೇಲೆ ಬಹುಪಾಲು ಮರಳಿ ಬಂತು. ಚಿಕ್ಕ ಕಾಗದವನ್ನು ಯಾವ ಸೈನ್ಯವೂ ಎತ್ತಿಕೊಂಡು ಹೋಗಲಿಲ್ಲ. ಅದು ಸಂಗ್ರಹಕಾರರ ಕೈಯಿಂದ ಕೈಗೆ ಹೋಗುವ ಲೋಕಕ್ಕೆ ಸೇರಿತು. ಹಾಗೆ ಹೋದದ್ದರಿಂದಲೇ ಅದು ಮರಳಿ ಬರುವ ದಾರಿ ಇಲ್ಲವಾಯಿತು.

ಮೊದಲು ಚಿತ್ರದ ಕಥೆ. ಮಾಂತೆನ್ಯ ಹುಟ್ಟಿದ್ದು 1431ರ ಸುಮಾರಿಗೆ, ಪಾದುವಾ ಬಳಿಯ ಹಳ್ಳಿಯೊಂದರಲ್ಲಿ, ಬಡಗಿಯೊಬ್ಬನ ಮಗನಾಗಿ. ಫ್ರಾಂಚೆಸ್ಕೋ ಸ್ಕ್ವಾರ್ಚೋನೆ ಎಂಬವನು ಹುಡುಗನನ್ನು ದತ್ತು ತೆಗೆದುಕೊಂಡು ತನ್ನ ಚಿತ್ರಶಾಲೆಯಲ್ಲಿ ಬೆಳೆಸಿದ. ದತ್ತು ಎಂದರೆ ಪ್ರೀತಿಗಿಂತ ವ್ಯಾಪಾರವೇ ಹೆಚ್ಚು. ಮಗ ದುಡಿದದ್ದು ತಂದೆಗೆ ಸೇರುತ್ತದಲ್ಲ! ಹದಿನೇಳರ ವಯಸ್ಸಿನಲ್ಲಿ ಹುಡುಗ ಮನೆ ಬಿಟ್ಟ, ಮೊಕದ್ದಮೆ ನಡೆಯಿತು, ಇಬ್ಬರ ನಡುವೆ 1448ರಲ್ಲಿ ಆಗಿದ್ದ ಒಪ್ಪಂದವನ್ನು 1456ರಲ್ಲಿ ವೆನಿಸ್ಸಿನ ನ್ಯಾಯಾಲಯ ರದ್ದುಪಡಿಸಿತು. ಅಷ್ಟರಲ್ಲಿ ಮಾಂತೆನ್ಯ ವೆನಿಸ್ಸಿನ ದೊಡ್ಡ ಕಲಾವಿದ ಯಾಕೊಪೋ ಬೆಲ್ಲಿನಿಯ ಮಗಳು ನಿಕೊಲೋಸಿಯಾಳನ್ನು ಮದುವೆಯಾಗಿದ್ದ. ಜೆಂಟಿಲೆ ಮತ್ತು ಜೊವಾನ್ನಿ ಬೆಲ್ಲಿನಿ ಎಂಬ ಪ್ರಸಿದ್ಧ ಸಹೋದರರು ಅವನ ಬಾವಮೈದುನರಾದರು.

ಆ ಹೊತ್ತಿಗೆ ವೆರೋನಾದ ಬೆನೆಡಿಕ್ಟ್ ಸಂಪ್ರದಾಯದ ಸಂತ ಝೆನೋ ಮಠಕ್ಕೆ ಗ್ರೆಗೋರಿಯೋ ಕೊರೆರ್ ಅಧಿಪತಿಯಾಗಿದ್ದ. ವೆನಿಸ್ಸಿನ ಶ್ರೀಮಂತ ಮನೆತನದವನು, ಲ್ಯಾಟಿನ್ ಪಂಡಿತ, ಹರೆಯದಲ್ಲಿ ಆ ಭಾಷೆಯಲ್ಲಿ ದುರಂತ ನಾಟಕ ಬರೆದವನು. ಹಳೆಯ ಗ್ರೀಕ್ ಮತ್ತು ರೋಮನ್ ವಿದ್ಯೆಗೆ ಮರುಜೀವ ಕೊಡಬೇಕೆಂಬ ಆ ಕಾಲದ ಹಂಬಲ, ಅಂದರೆ ನಾವು ಪಠ್ಯಪುಸ್ತಕಗಳಲ್ಲಿ ಪುನರುಜ್ಜೀವನ ಎಂದು ಓದುವುದು, ಇವನಲ್ಲೂ ಇತ್ತು. ಪಾದುವಾದಲ್ಲಿ ರೋಮನ್ ಕಲ್ಲುಬರಹಗಳನ್ನೂ ಮುರಿದ ಶಿಲ್ಪಗಳನ್ನೂ ಹುಡುಕಿ ಅಭ್ಯಾಸ ಮಾಡುತ್ತಿದ್ದ ತರುಣ ಕಲಾವಿದ ಇಂಥ ಮಠಾಧಿಪತಿಯ ಕಣ್ಣಿಗೆ ಬಿದ್ದದ್ದು ಸಹಜ.

ಕೆಲಸ 1456ರಿಂದ 1459ರವರೆಗೆ ಎಳೆಯಿತು. ಮಧ್ಯದಲ್ಲಿ ಇನ್ನೊಬ್ಬ ಗಿರಾಕಿಯ ಕಾಟ. ಮಾಂತುವಾದ ಒಡೆಯ ಲುದೊವಿಕೊ ಗೊಂಜಾಗ ಇವನನ್ನು ತನ್ನ ಆಸ್ಥಾನ ಚಿತ್ರಕಾರನನ್ನಾಗಿ ಕರೆಯುತ್ತಲೇ ಇದ್ದ. ವೆರೋನಾದ ಕೆಲಸ ಮುಗಿಯಲಿಲ್ಲವೆಂದು ಮಾಂತೆನ್ಯ ವಾಯಿದೆ ಕೇಳುತ್ತಲೇ ಇದ್ದ. 1459ರ ಫೆಬ್ರುವರಿಯಲ್ಲಿ ಗೊಂಜಾಗ ಇನ್ನೆರಡು ತಿಂಗಳು ಕೊಡುತ್ತೇನೆಂದು ಬರೆದ ಪತ್ರ ಉಳಿದಿದೆ. ಅಂತೂ 1460ರಲ್ಲಿ ಚಿತ್ರಕಾರ ಮಾಂತುವಾ ಸೇರಿದ. 1506ರಲ್ಲಿ ಸಾಯುವವರೆಗೂ ಅದೇ ಅವನ ಊರಾಯಿತು.

ಅಷ್ಟು ಕಾಲ ಹಿಡಿಯಲು ಕಾರಣವಿತ್ತು. ಅದುವರೆಗೆ ಇಟಲಿಯ ಚರ್ಚುಗಳಲ್ಲಿ ಇಂಥ ಚಿತ್ರಗಳೆಂದರೆ ಒಂದೊಂದು ಗೂಡಿಗೆ ಒಬ್ಬೊಬ್ಬ ಸಂತ, ಹಿಂದೆ ಚಿನ್ನದ ತಗಡಿನ ಹೊಳಪು. ಪಕ್ಕದ ಗೂಡಿನವನಿಗೂ ಇವನಿಗೂ ಮಾತುಕತೆ ಇಲ್ಲ. ಮಾಂತೆನ್ಯ ಈ ಗೋಡೆಗಳನ್ನು ಕೆಡವಿದ. ಚೌಕಟ್ಟಿನ ನಿಜವಾದ ಮರದ ಕಂಬಗಳು ಮುಂದಿವೆ, ಅವುಗಳ ಹಿಂದೆ ಅದೇ ಸಾಲಿನಲ್ಲಿ ಬಣ್ಣದ ಕಂಬಗಳು ಮುಂದುವರಿಯುತ್ತವೆ. ಮೂರೂ ಫಲಕಗಳು ಸೇರಿ ಒಂದೇ ಮಂಟಪವಾಗುತ್ತವೆ. ಮೇಲೆ ಹಣ್ಣು ಎಲೆಗಳ ತೋರಣ, ಕೆಳಗೆ ಅಮೃತಶಿಲೆಯ ನೆಲ. ಚಿತ್ರದೊಳಗಿನ ಬೆಳಕು ಬಲದಿಂದ ಬೀಳುತ್ತದೆ. ಅದಕ್ಕೆ ಸರಿಹೊಂದುವಂತೆ ಬಸಿಲಿಕದ ಬಲಗೋಡೆಯಲ್ಲಿ ಕಿಟಕಿಯೊಂದನ್ನು ತೆರೆಯಲಾಯಿತು. ಚಿತ್ರಕ್ಕಾಗಿ ಕಟ್ಟಡವನ್ನು ತಿದ್ದಿದ ಉದಾಹರಣೆ ಇದು. ಉತ್ತರ ಇಟಲಿಯ ಚಿತ್ರಕಲೆಗೆ ಇಲ್ಲಿಂದ ಹೊಸ ದಾರಿ ತೆರೆಯಿತು ಎನ್ನುತ್ತಾರೆ ಕಲಾ ಇತಿಹಾಸಕಾರರು. ಇದಕ್ಕೆ ಕೆಲವೇ ವರ್ಷ ಮೊದಲು ಫ್ಲಾರೆನ್ಸಿನ ಮಹಾಶಿಲ್ಪಿ ದೊನತೆಲ್ಲೊ ಪಾದುವಾದಲ್ಲಿ ಹತ್ತು ವರ್ಷ ಇದ್ದು ಅಲ್ಲಿನ ಸಂತ ಅಂತೋಣಿಯ ಬಸಿಲಿಕಕ್ಕೆ ಕಂಚಿನ ಸಂತರ ಗುಂಪನ್ನು ಎರಕ ಹೊಯ್ದಿದ್ದ. ಅದರ ಪಾಠ ಇಲ್ಲಿ ಎದ್ದು ಕಾಣುತ್ತದೆ.

ಗೋಡೆ ಕೆಡವಿದ ಮೇಲೆ ಹೊಸ ತೊಡಕು ಹುಟ್ಟಿತು. ಎಡಬದಿಯ ಫಲಕದ ಎತ್ತರ ಸುಮಾರು 220 ಸೆಂಟಿಮೀಟರು, ಅಗಲ 115. ನಾಲ್ಕು ಮಂದಿ ವಯಸ್ಕರು, ಮೈತುಂಬ ಬಟ್ಟೆ ಹೊದ್ದವರು, ಇಷ್ಟು ಇಕ್ಕಟ್ಟಿನಲ್ಲಿ ಒಂದೇ ನೆಲದ ಮೇಲೆ ನಿಲ್ಲಬೇಕು. ಸಾಲಾಗಿ ನಿಲ್ಲಿಸಿದರೆ ಜಾಗ ಸಾಲದು. ಒಬ್ಬರ ಹಿಂದೊಬ್ಬರನ್ನು ನಿಲ್ಲಿಸಿದರೆ ಹಿಂದಿನವನು ಮರೆಯಾಗುತ್ತಾನೆ. ಸಂತನನ್ನು ಮರೆಮಾಡಿದರೆ ಮಠಾಧಿಪತಿ ಸುಮ್ಮನಿದ್ದಾನೆಯೇ? ಅದೂ ಈ ನಾಲ್ವರು ಸಾಮಾನ್ಯರಲ್ಲ. ಎಡತುದಿಯಲ್ಲಿ ಕೀಲಿಕೈಗಳ ಸಂತ ಪೇತ್ರ, ಮುಂದೆ ಕತ್ತಿ ಹಿಡಿದ ಸಂತ ಪೌಲ, ಆಮೇಲೆ ಗಡ್ಡ ಮೂಡದ ತರುಣನಾಗಿ ಶುಭಸಂದೇಶಕಾರ ಯೊವಾನ್ನ, ಬಲತುದಿಯಲ್ಲಿ, ಮಾತೆ ಮರಿಯಳಿಗೆ ಹತ್ತಿರವಾಗಿ, ಬಸಿಲಿಕದ ಯಜಮಾನನೇ ಆದ ಸಂತ ಝೆನೋ. ಬಲಬದಿಯ ಫಲಕದಲ್ಲಿ ಮಠದ ಸಂಪ್ರದಾಯಕ್ಕೆ ಮೂಲಪುರುಷನಾದ ಬೆನೆಡಿಕ್ಟ್ ಇದ್ದಾನೆ, ಮಠಾಧಿಪತಿಯ ಹೆಸರಿನ ಸಂತ ಗ್ರೆಗೋರಿಯೂ ಇದ್ದಾನೆ. ದುಡ್ಡು ಕೊಡುವವನ ಹೆಸರು ಹೀಗೆ ಮೆಲ್ಲಗೆ ಒಳಗೆ ಬರುವುದು ಎಲ್ಲ ದೇಶದಲ್ಲೂ ಇದ್ದದ್ದೇ.

ಝೆನೋನ ಬಗ್ಗೆ ಒಂದು ಮಾತು. ನಾಲ್ಕನೆಯ ಶತಮಾನದಲ್ಲಿ ವೆರೋನಾದ ಬಿಷಪ್ ಆಗಿದ್ದವನು, ಆಫ್ರಿಕದ ಮೂಲದವನೆಂದು ಪರಂಪರೆ ಹೇಳುತ್ತದೆ. ಬೆಸ್ತರ ರಕ್ಷಕ. ಅವನ ದಂಡದ ತುದಿಯಿಂದ ಮೀನು ನೇತಾಡುತ್ತಿರುತ್ತದೆ. ಬಸಿಲಿಕದೊಳಗೆ ಬಣ್ಣದ ಕಲ್ಲಿನ ಹಳೆಯ ಪ್ರತಿಮೆಯೊಂದಿದೆ. ಅದರಲ್ಲಿ ಝೆನೋ ಕಪ್ಪು ಮುಖದಲ್ಲಿ ನಗುತ್ತಾ ಕುಳಿತಿದ್ದಾನೆ. ಊರಿನ ಜನ ಅವನನ್ನು ನಗುವ ಝೆನೋ ಎಂದೇ ಕರೆಯುತ್ತಾರೆ. ಸಂತರಲ್ಲಿ ನಗುವವರು ಅಪರೂಪ.

ಈಗ ಕಾಗದಕ್ಕೆ ಬರೋಣ. ಹಕ್ಕಿಗರಿಯ ಲೇಖನಿ, ಈಗ ಕಂದಾಗಿ ಕಾಣುವ ಮಸಿ. ಬಣ್ಣವೆಂದರೆ ಝೆನೋ ಹಿಡಿದ ಪುಸ್ತಕದ ಮೇಲೆ ಕೆಂಪು ಸೀಮೆಸುಣ್ಣದ ಸ್ವಲ್ಪ ಗುರುತು, ಅಷ್ಟೆ. ನೆರಳನ್ನು ಒತ್ತೊತ್ತಾದ ಓರೆಗೆರೆಗಳಿಂದ ತುಂಬಲಾಗಿದೆ. ಬಟ್ಟೆಯ ಮಡಿಕೆ ಎಲ್ಲಿ ಆಳವೋ ಅಲ್ಲಿ ಗೆರೆಗಳು ದಟ್ಟ, ಬೆಳಕು ಬೀಳುವಲ್ಲಿ ಬರಿಯ ಕಾಗದ. ಸಂತರು ಒಬ್ಬರನ್ನೊಬ್ಬರು ತಳ್ಳುವುದಿಲ್ಲ, ಆದರೆ ಒಬ್ಬರಿಂದೊಬ್ಬರು ದೂರವೂ ಇಲ್ಲ. ಒಬ್ಬನ ತಿರುವು ಇನ್ನೊಬ್ಬನಿಗೆ ಜಾಗ ಬಿಡುತ್ತದೆ. ಮುಗಿದ ಚಿತ್ರದ ಪಕ್ಕದಲ್ಲಿಟ್ಟು ನೋಡಿದರೆ ಗುಂಪು ಅದೇ, ಸಾಲು ಅದೇ. ಆದರೆ ನಿಲುವುಗಳೂ ಕೈಗಳೂ ಪೂರ್ತಿ ಹೊಂದುವುದಿಲ್ಲ. ಅಂದರೆ ಇದು ಮುಗಿದ ಚಿತ್ರವನ್ನು ನೋಡಿ ಯಾರೋ ಶಿಷ್ಯ ಮಾಡಿದ ನಕಲಲ್ಲ. ಇನ್ನೂ ತೀರ್ಮಾನ ಆಗಿರದ ಹೊತ್ತಿನ ಕಾಗದ ಇದು. ಲೇಖನಿಯ ಗೆರೆಯನ್ನು ಅಳಿಸಲಾಗದು, ಎಳೆದದ್ದು ಎಳೆದಂತೆಯೇ ಉಳಿಯುತ್ತದೆ. ಮರದ ಹಲಗೆಯ ಮೇಲಿನ ಚಿತ್ರದಲ್ಲಿ ಇಂಥ ಅನುಮಾನಗಳೆಲ್ಲ ಬಣ್ಣದ ಕೆಳಗೆ ಹೂತುಹೋಗಿ ಸಂತರು ಕಲ್ಲಿನಿಂದ ಕಡೆದವರಂತೆ ಸ್ಥಿರವಾಗಿದ್ದಾರೆ. ಹನ್ನೊಂದು ಪಟ್ಟು ಚಿಕ್ಕದಾದ ಕಾಗದದಲ್ಲಿ ಅವರು ಇನ್ನೂ ಉಸಿರಾಡುತ್ತಾರೆ.

ಆ ಕಾಲದ ಇಂಥ ಕಾಗದಗಳಲ್ಲಿ ಹೆಚ್ಚಿನವು ಹಾಳಾದವು. ಹಳೆಯ ಚಿಂದಿ ಬಟ್ಟೆಯನ್ನು ಕುಟ್ಟಿ ಮಾಡುತ್ತಿದ್ದ ಕಾಗದ ಗಟ್ಟಿಯೇ. ಆದರೆ ಕೆಲಸ ಮುಗಿದ ಮೇಲೆ ಅದನ್ನು ಕಾಪಾಡುವ ಗರಜು ಯಾರಿಗೂ ಇರಲಿಲ್ಲ. ಉಳಿದವು ಉಳಿದದ್ದು ಭಕ್ತಿಯಿಂದಲ್ಲ, ಕಸುಬಿನ ಲೆಕ್ಕಾಚಾರದಿಂದ. ಬರೆದಿಟ್ಟ ನಮೂನೆಗಳು ಚಿತ್ರಶಾಲೆಯ ಬಂಡವಾಳ. ಮಾಂತೆನ್ಯನ ಮಾವ ಯಾಕೊಪೋ ಬೆಲ್ಲಿನಿ ಎರಡು ದೊಡ್ಡ ಪುಸ್ತಕಗಳ ತುಂಬ ರೇಖಾಚಿತ್ರ ಬಿಟ್ಟುಹೋದ. ಈಗ ಒಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಇನ್ನೊಂದು ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಅವನ ಹಿರಿಯ ಮಗ ಜೆಂಟಿಲೆ 1507ರಲ್ಲಿ ಸಾಯುವ ಮೊದಲು ಉಯಿಲು ಬರೆದಾಗ, ತಂದೆಯ ಪುಸ್ತಕವನ್ನು ತಮ್ಮ ಜೊವಾನ್ನಿಗೆ ಕೊಡಲು ಒಂದು ಷರತ್ತು ಹಾಕಿದ: ತಾನು ಅರ್ಧಕ್ಕೆ ಬಿಟ್ಟ ಚಿತ್ರವನ್ನು ತಮ್ಮ ಮುಗಿಸಿಕೊಡಬೇಕು. ಅಣ್ಣತಮ್ಮಂದಿರಲ್ಲಿ ಹೊಲಗದ್ದೆ ಪಾಲಾಗುವ ಹಾಗೆ ಅಲ್ಲಿ ಗೆರೆಗಳ ಪಾಲು.

ಮಾಂತೆನ್ಯ ಇನ್ನೂ ಖಡಕ್ಕು. ಸಿಮೋನೆ ಎಂಬ ತಗಡು ಕೊರೆಯುವ ಕಲಾವಿದ 1475ರಲ್ಲಿ ಗೊಂಜಾಗನಿಗೆ ಬರೆದ ದೂರುಪತ್ರವಿದೆ. ಜೊವಾನ್ ಆಂಡ್ರಿಯಾ ಎಂಬ ಗೆಳೆಯನ ಮನೆಯಿಂದ ಅಚ್ಚುಗಳೂ ರೇಖಾಚಿತ್ರಗಳೂ ಕಳವಾದವು. ಅವನ್ನು ಮತ್ತೆ ಮಾಡಿಕೊಡಲು ಸಿಮೋನೆ ಕೈಜೋಡಿಸಿದ. ಇದು ತಿಳಿದ ಮಾಂತೆನ್ಯ ಬೆದರಿಸಿದನಂತೆ, ಆಯುಧಧಾರಿಗಳಿಂದ ಹೊಡೆಸಿದನಂತೆ. ಮಾಂತುವಾ ಬಿಟ್ಟು ವೆರೋನಾಕ್ಕೆ ಓಡಿದ ಸಿಮೋನೆ ಅಲ್ಲಿಂದಲೇ ಈ ಪತ್ರ ಬರೆದ. ಒಂದು ಕಡೆಯ ಮಾತು ಮಾತ್ರ ನಮಗೆ ಸಿಕ್ಕಿರುವುದು, ನಿಜ. ಆದರೂ ಕಾಗದದ ಮೇಲಿನ ನಮೂನೆ ಎಂಥ ಆಸ್ತಿಯಾಗಿತ್ತು ಎಂಬುದಕ್ಕೆ ಇಷ್ಟು ಸಾಕು.

ಕಸುಬಿನ ಆಸ್ತಿ ರಸಿಕರ ಆಸ್ತಿಯಾಗಿ ಬದಲಾದದ್ದು ಮುಂದಿನ ಶತಮಾನದಲ್ಲಿ. ಕಲಾವಿದರ ಜೀವನ ಚರಿತ್ರೆಗಳನ್ನು 1550ರಲ್ಲಿ ಪ್ರಕಟಿಸಿದ ಜಾರ್ಜೋ ವಸಾರಿ ತಾನು ಬರೆದ ಕಲಾವಿದರ ಒಂದೊಂದಾದರೂ ರೇಖಾಚಿತ್ರ ತನ್ನಲ್ಲಿರಬೇಕೆಂದು ಹುಡುಕಿ ಕೂಡಿಸಿದ. ದೊಡ್ಡ ಹಾಳೆಗಳಿಗೆ ಅಂಟಿಸಿ ಸುತ್ತ ತಾನೇ ಅಲಂಕಾರದ ಅಂಚು ಬರೆದ. ಮಾಂತೆನ್ಯನ ಕೈಯ ಜೂಡಿತ್ ಚಿತ್ರವೊಂದು ತನ್ನ ಪುಸ್ತಕದಲ್ಲಿದೆಯೆಂದು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಮುಗಿದ ಚಿತ್ರದಲ್ಲಿ ಕಾಣುವುದು ಕಲಾವಿದನ ಕೌಶಲ, ರೇಖೆಯಲ್ಲಿ ಕಾಣುವುದು ಅವನ ಬುದ್ಧಿ ಎಂಬ ನಂಬಿಕೆ ಬೇರೂರಿದ್ದು ಈ ಹೊತ್ತಿಗೆ. ಕೊರೆರನಿಗೆ ಕಸವಾಗಿ ಕಂಡಿರಬಹುದಾದದ್ದು ವಸಾರಿಯ ಕಾಲಕ್ಕೆ ನಿಧಿ.

ನಿಧಿ ಎಂದ ಮೇಲೆ ಹಣ ಇರುವ ಕಡೆಗೆ ಹೋಗಲೇಬೇಕು. ಹದಿನೇಳನೆಯ ಶತಮಾನದಲ್ಲಿ ಹಣ ಇಂಗ್ಲೆಂಡಿನ ಕಡೆಗೆ ವಾಲುತ್ತಿತ್ತು. ದಿವಾಳಿಯ ಅಂಚಿಗೆ ಬಂದಿದ್ದ ಗೊಂಜಾಗ ಮನೆತನದ ಚಿತ್ರಗಳನ್ನು ಇಂಗ್ಲೆಂಡಿನ ದೊರೆ ಮೊದಲನೆಯ ಚಾರ್ಲ್ಸ್ ಕೊಂಡ. ಮಾಂತೆನ್ಯನ ಸೀಸರನ ವಿಜಯಯಾತ್ರೆಯ ಒಂಬತ್ತು ದೊಡ್ಡ ಚಿತ್ರಗಳು ಲಂಡನ್ನಿನ ಹ್ಯಾಂಪ್ಟನ್ ಕೋರ್ಟ್ ಅರಮನೆ ಸೇರಿದ್ದು ಹೀಗೆ. ದೊರೆಯ ತಲೆ ಹಾರಿದ ಮೇಲೆ ಅವನ ಸಂಗ್ರಹ ಚದುರಿತು. ಹಾಲೆಂಡಿನಿಂದ ಬಂದು ಇಂಗ್ಲೆಂಡಿನ ಆಸ್ಥಾನ ಚಿತ್ರಕಾರನಾದ ಪೀಟರ್ ಲೆಲಿ ಸುಮಾರು ಹತ್ತು ಸಾವಿರ ರೇಖಾಚಿತ್ರ ಮತ್ತು ಅಚ್ಚುಚಿತ್ರಗಳನ್ನು ಕೂಡಿಹಾಕಿದ. 1680ರಲ್ಲಿ ಅವನು ಸತ್ತಾಗ ಸಾಲ ಉಳಿದಿತ್ತು. ಉಯಿಲಿನ ಹೊಣೆ ಹೊತ್ತ ರೋಜರ್ ನಾರ್ತ್ ಒಂದೊಂದು ಹಾಳೆಗೂ ಲೆಲಿಯ ಹೆಸರಿನ ಎರಡು ಅಕ್ಷರಗಳ ಮುದ್ರೆ ಒತ್ತಿ 1688ರಲ್ಲೂ 1694ರಲ್ಲೂ ಹರಾಜು ಹಾಕಿಸಿದ. ಇಂದಿಗೂ ಯೂರೋಪಿನ ಯಾವ ಸಂಗ್ರಹ ತೆರೆದರೂ ಆ ಮುದ್ರೆ ಕಾಣುತ್ತದೆ. ಅಂಚೆ ಕಾಗದದ ಮೇಲಿನ ಠಸ್ಸೆಗಳನ್ನು ನೋಡಿ ಅದು ಹಾದುಬಂದ ಊರುಗಳನ್ನು ಹೇಳುವಂತೆ, ತಿಳಿದವರು ಇಂಥ ಮುದ್ರೆಗಳಿಂದ ಒಂದು ರೇಖಾಚಿತ್ರದ ವಂಶಾವಳಿಯನ್ನೇ ಬಿಡಿಸಿಡುತ್ತಾರೆ.

ಇಂಥ ಹರಾಜುಗಳಿಂದ ಹೊಟ್ಟೆ ತುಂಬಿಸಿಕೊಂಡ ಮನೆಗಳಲ್ಲಿ ದೊಡ್ಡದು ಡರ್ಬಿಶೈರಿನ ಚಾಟ್ಸ್‌ವರ್ತ್. ಡೆವನ್‌ಶೈರಿನ ಡ್ಯೂಕರ ವಂಶದ ಮನೆ. ಮನೆ ಎನ್ನುವುದು ರೂಢಿಯ ಮಾತು, ನೋಡಿದರೆ ಅರಮನೆಯೇ. ಎರಡನೆಯ ಡ್ಯೂಕ್ ವಿಲಿಯಂ ಕ್ಯಾವೆಂಡಿಶ್ 1729ರಲ್ಲಿ ಸಾಯುವ ಹೊತ್ತಿಗೆ ಅಲ್ಲಿನ ರೇಖಾಚಿತ್ರ ಸಂಗ್ರಹಕ್ಕೆ ಯೂರೋಪಿನಲ್ಲಿ ಸಾಟಿಗಳು ಕಡಿಮೆಯಿದ್ದವು. ರಾಟರ್‌ಡ್ಯಾಮಿನ ಫ್ಲಿಂಕ್ ಎಂಬವನ ಸಂಗ್ರಹವೂ 1720ರ ದಶಕದಲ್ಲಿ ಅಲ್ಲಿಗೇ ಬಂತು. ಡ್ಯೂಕರ ಕಿರೀಟದ ಕೆಳಗೆ ಒಂದು ಅಕ್ಷರವಿರುವ ಮುದ್ರೆ ಆ ಮನೆಯ ಗುರುತು. ಮಾಂತೆನ್ಯನ ನಾಲ್ವರು ಸಂತರು ಡ್ಯೂಕರ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಇಳಿಯುತ್ತಾ ಈ ಮನೆಯಲ್ಲಿಯೇ ಉಳಿದರು. ವೆರೋನಾದಲ್ಲಿ ಕ್ರಾಂತಿ, ದಾಳಿ, ಆಳುವವರ ಬದಲಾವಣೆಗಳಾದಾಗ ಇವರು ಇಂಗ್ಲಿಷ್ ಮಳೆಯಲ್ಲಿ ಬೆಚ್ಚಗಿದ್ದರು.

ಬಸಿಲಿಕದ ದೊಡ್ಡ ಚಿತ್ರಕ್ಕೆ ಆ ಭಾಗ್ಯವಿರಲಿಲ್ಲ. 1797ರ ಏಪ್ರಿಲ್‌ನಲ್ಲಿ, ಈಸ್ಟರ್ ಹಬ್ಬದ ಹೊತ್ತಿಗೆ, ವೆರೋನಾದ ಜನ ನೆಪೋಲಿಯನ್ನನ ಫ್ರೆಂಚ್ ಸೈನ್ಯದ ಮೇಲೆ ತಿರುಗಿಬಿದ್ದರು. ಬಂಡಾಯ ಸೋತಿತು. ಸೋತ ಊರಿಗೆ ವಿಧಿಸಿದ ದಂಡದಲ್ಲಿ ಚಿತ್ರಗಳೂ ಸೇರಿದ್ದವು. ಮಾಂತೆನ್ಯನ ಆರು ಫಲಕಗಳು ಪ್ಯಾರಿಸ್ಸಿಗೆ ಹೋದವು. ಇಟಲಿಯಿಂದ ಹಾಗೆ ಹೋದ ಚಿತ್ರಗಳು ಸುಮಾರು 500. ವಾಟರ್‌ಲೂ ಸೋಲಿನ ಬಳಿಕ 1815ರಲ್ಲಿ ಅವುಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಹಿಂದಿರುಗಿದವು. ಮೂರು ಮುಖ್ಯ ಫಲಕಗಳು ವೆರೋನಾಕ್ಕೆ ಬಂದವು. ಕೆಳಸಾಲಿನ ನಡುವಿನ ಚಿತ್ರ, ಯೇಸುವಿನ ಶಿಲುಬೆಮರಣ, ಲೂವ್ರ್‌ನಲ್ಲಿಯೇ ಉಳಿಯಿತು. ಅಕ್ಕಪಕ್ಕದ ಎರಡು, ತೋಟದಲ್ಲಿ ಯೇಸುವಿನ ಪ್ರಾರ್ಥನೆ ಮತ್ತು ಪುನರುತ್ಥಾನ, ತೂರ್ ನಗರದ ವಸ್ತುಸಂಗ್ರಹಾಲಯದಲ್ಲಿ ಉಳಿದವು. 2008ರಲ್ಲಿ ಲೂವ್ರ್ ಮಾಂತೆನ್ಯನ ದೊಡ್ಡ ಪ್ರದರ್ಶನ ನಡೆಸಿದಾಗ ಮೂರೂ ಒಂದೆಡೆ ಸೇರಿದವು, ಆದರೆ ಪ್ಯಾರಿಸ್ಸಿನಲ್ಲಿ.

ಅಂತೂ ಲೂಟಿ ಎಂದು ಹೆಸರಾದದ್ದಕ್ಕೆ ಒಂದು ಮದ್ದು ಇದೆ. ಸೋತವನಿಂದ ಕೊಡಿಸಬಹುದು, ಒಪ್ಪಂದದಲ್ಲಿ ಬರೆಸಬಹುದು, ಇನ್ನೂರು ವರ್ಷವಾದರೂ ಕೊಡಿರೆಂದು ಕೇಳಬಹುದು. ಕೊಳ್ಳುವಿಕೆಗೆ ಮದ್ದಿಲ್ಲ. ನಾಲ್ವರು ಸಂತರ ಕಾಗದವನ್ನು ಹಿಂದಕ್ಕೆ ಕೇಳುವ ಹಕ್ಕು ವೆರೋನಾಕ್ಕೆ ಇಲ್ಲ. ಅದು ಊರಿನದ್ದೂ ಆಗಿರಲಿಲ್ಲ, ಬಸಿಲಿಕದ್ದೂ ಆಗಿರಲಿಲ್ಲ. ಚಿತ್ರಕಾರನ ಪೆಟ್ಟಿಗೆಯ ಸರಕು.

ಈ ವಾದ ಎಷ್ಟು ಗಟ್ಟಿಯೋ ಅಷ್ಟೇ ಇಕ್ಕಟ್ಟಿನದು ಎಂಬುದು ಇಂಗ್ಲೆಂಡಿಗೆ ಗೊತ್ತಾದದ್ದು 1984ರಲ್ಲಿ. ಅದರ ಹಿನ್ನೆಲೆ ಹೀಗಿದೆ. ಹತ್ತನೆಯ ಡ್ಯೂಕ್ 1950ರಲ್ಲಿ ತೀರಿಕೊಂಡ. ಆಸ್ತಿಯನ್ನು ಮಗನ ಹೆಸರಿಗೆ ಮಾಡಿ ಐದು ವರ್ಷ ಬದುಕಿದ್ದರೆ ಮರಣ ತೆರಿಗೆ ತಪ್ಪುತ್ತಿತ್ತು, ಆತ ಕೆಲವೇ ವಾರ ಮೊದಲು ಹೋದ. ಆಸ್ತಿಯ ಬೆಲೆಯ ನೂರಕ್ಕೆ 80ರಷ್ಟು ತೆರಿಗೆ ಬಿತ್ತು. ಜಮೀನು ಹೋಯಿತು, ಹಾರ್ಡ್‌ವಿಕ್ ಹಾಲ್ ಎಂಬ ಇನ್ನೊಂದು ಮಹಲು ಹೋಯಿತು, ಕ್ಲಾಡ್ ಲೊರೇನ್‌ನ ಪ್ರಸಿದ್ಧ ರೇಖಾಚಿತ್ರ ಪುಸ್ತಕ 1957ರಲ್ಲಿ ತೆರಿಗೆಯ ಬಾಬ್ತು ಬ್ರಿಟಿಷ್ ಮ್ಯೂಸಿಯಂ ಸೇರಿತು. ಹನ್ನೊಂದನೆಯ ಡ್ಯೂಕ್ ಆಂಡ್ರೂ ಕ್ಯಾವೆಂಡಿಶ್ ಮನೆಯನ್ನು ಉಳಿಸಿಕೊಳ್ಳಲು 1981ರಲ್ಲಿ ಟ್ರಸ್ಟ್ ಒಂದನ್ನು ರಚಿಸಿದ. ಅದಕ್ಕೆ ಬಂಡವಾಳ ಬೇಕಾಗಿ ಪುಸ್ಸೆನ್‌ನ ಚಿತ್ರವೊಂದನ್ನು ಮಾರಲಾಯಿತು. ಆಮೇಲೆ ಬಂದದ್ದು ರೇಖಾಚಿತ್ರಗಳ ಸರದಿ.

ಆಯ್ದ 71 ರೇಖಾಚಿತ್ರಗಳನ್ನು ಮೊದಲು ಬ್ರಿಟಿಷ್ ಮ್ಯೂಸಿಯಂಗೇ ಕೊಡಲು ಡ್ಯೂಕನ ಕಡೆಯವರು ಮುಂದಾದರು. ಕೇಳಿದ್ದು 55 ಲಕ್ಷ ಪೌಂಡು. ಮ್ಯೂಸಿಯಂ ಏರಿದ್ದು 52.5 ಲಕ್ಷದವರೆಗೆ. ಎರಡೂವರೆ ಲಕ್ಷದ ಅಂತರದಲ್ಲಿ ಮಾತುಕತೆ ಮುರಿಯಿತು. 1984ರ ಜುಲೈ 3ರಂದು ಲಂಡನ್ನಿನ ಕ್ರಿಸ್ಟೀಸ್ ಸಂಸ್ಥೆಯಲ್ಲಿ ಹರಾಜು ನಡೆಯಿತು. ಅದೇ 71 ಹಾಳೆಗಳಿಗೆ ಒಂದೇ ದಿನದಲ್ಲಿ 2 ಕೋಟಿ 10 ಲಕ್ಷ ಪೌಂಡು ಮೀರಿ ಬಂತು, ಮ್ಯೂಸಿಯಂ ಕೊಡುತ್ತೇನೆಂದದ್ದರ ನಾಲ್ಕು ಪಟ್ಟು. ರಫಾಯಲನ ಒಂದೇ ಹಾಳೆ 30 ಲಕ್ಷ ಪೌಂಡನ್ನು ದಾಟಿತು. ಮಾಂತೆನ್ಯನ ನಾಲ್ವರು ಸಂತರು ಅಮೆರಿಕಕ್ಕೆ ಹೊರಟರು.

ದೇಶದ ಸಂಪತ್ತು ಕೈತಪ್ಪಿತೆಂದು ಬ್ರಿಟನ್ನಿನಲ್ಲಿ ದೊಡ್ಡ ಗಲಾಟೆಯಾಯಿತು, ಮ್ಯೂಸಿಯಂನವರ ಚೌಕಾಸಿಗೆ ಟೀಕೆ ಬಂತು. ಟೀಕೆ ನ್ಯಾಯವೇ. ಕೈಗೆಟುಕುವ ಬೆಲೆಗೆ ಅಂಥದ್ದು ಮತ್ತೆ ಸಿಗಲಾರದು. ಆದರೆ ಪಾದುವಾದವನೊಬ್ಬ ವೆರೋನಾದ ಬಸಿಲಿಕಕ್ಕಾಗಿ ಗೀಚಿದ ಕಾಗದ ಇಂಗ್ಲೆಂಡಿನ ರಾಷ್ಟ್ರೀಯ ಸಂಪತ್ತಾದದ್ದು ಹೇಗೆ ಎಂದು ಆ ಗಲಾಟೆಯಲ್ಲಿ ಕೇಳಿದವರು ಕಡಿಮೆ. ಇನ್ನೂರೈವತ್ತು ವರ್ಷ ಒಂದು ಮನೆಯ ಕಪಾಟಿನಲ್ಲಿ ಇದ್ದದ್ದಕ್ಕೆ ಆ ಹಕ್ಕು ಬರುವುದಾದರೆ, ಲಾಸ್ ಏಂಜಲೀಸ್ ಕೂಡ ಕಾಯುತ್ತಾ ಕುಳಿತರೆ ಸಾಕು.

ಕೊಂಡ ಸಂಸ್ಥೆಯ ಕಥೆಯೂ ಸ್ವಾರಸ್ಯದ್ದೇ. ತೈಲ ವ್ಯಾಪಾರದಲ್ಲಿ ಕೋಟ್ಯಧಿಪತಿಯಾದ ಜೆ. ಪಾಲ್ ಗೆಟ್ಟಿ ಕೊನೆಯ ವರ್ಷಗಳನ್ನು ಕಳೆದದ್ದು ಇಂಗ್ಲೆಂಡಿನಲ್ಲಿ. 1976ರಲ್ಲಿ ಅವನು ಸತ್ತಾಗ ಕ್ಯಾಲಿಫೋರ್ನಿಯಾದ ತನ್ನ ಮ್ಯೂಸಿಯಂಗೆ ಬಿಟ್ಟುಹೋದ ಹಣ ಜಗತ್ತಿನ ಬೇರೆ ಯಾವ ಮ್ಯೂಸಿಯಂನವರೂ ಕನಸಿನಲ್ಲಿ ಕಾಣದಷ್ಟು. ಅವನಿಗೆ ರೇಖಾಚಿತ್ರಗಳ ಹುಚ್ಚಿರಲಿಲ್ಲ. ಮ್ಯೂಸಿಯಂ ಮೊದಲ ರೇಖಾಚಿತ್ರವನ್ನು, ರೆಂಬ್ರಾಂಟನದನ್ನು, ಕೊಂಡದ್ದೇ 1981ರಲ್ಲಿ. ಅಂದರೆ ಮೂರು ವರ್ಷದ ಸಂಗ್ರಹವೊಂದು ಮುನ್ನೂರು ವರ್ಷಗಳ ಸಂಗ್ರಹವನ್ನು ಹರಾಜಿನಲ್ಲಿ ಎದುರಿಸಿತು. ಮರುವರ್ಷ ಮತ್ತೊಂದು ಇಂಗ್ಲಿಷ್ ಮನೆಯಿಂದ ಮಾಂತೆನ್ಯನ ಮೂವರು ಜ್ಞಾನಿಗಳ ವರ್ಣಚಿತ್ರವನ್ನೂ ಗೆಟ್ಟಿಯವರು 81 ಲಕ್ಷ ಪೌಂಡಿಗೆ ಕೊಂಡರು.

ಹಣದ ಬಲ ನೋಡಿ ಮುಖ ಸಿಂಡರಿಸುವುದು ಸುಲಭ. ಆದರೆ ಊರಲ್ಲಿಯೇ ಉಳಿದದ್ದೆಲ್ಲ ಕ್ಷೇಮವಾಗಿ ಉಳಿಯಿತೇ ಎಂಬ ಪ್ರಶ್ನೆಯೂ ಇದೆ. ಪಾದುವಾದ ಒವೆತಾರಿ ಪ್ರಾರ್ಥನಾಮಂದಿರದ ಗೋಡೆಗಳ ಮೇಲೆ ಮಾಂತೆನ್ಯ ತಾರುಣ್ಯದಲ್ಲಿ ಬರೆದ ಚಿತ್ರಗಳಿದ್ದವು. ಅವನ ಹೆಸರು ಮೇಲೆ ಬಂದದ್ದೇ ಅವುಗಳಿಂದ. 1944ರ ಮಾರ್ಚ್ 11ರಂದು ಮಿತ್ರರಾಷ್ಟ್ರಗಳ ವಿಮಾನಗಳು ಹಾಕಿದ ಬಾಂಬಿಗೆ ಗೋಡೆಗಳು ಪುಡಿಯಾದವು. ಸಾವಿರಾರು ಚೂರುಗಳನ್ನು ಪೆಟ್ಟಿಗೆಗಳಲ್ಲಿ ತುಂಬಿಟ್ಟರು. ಈಗ ಅವುಗಳಲ್ಲಿ ಕೆಲವನ್ನು ಹಳೆಯ ಫೋಟೋಗಳ ಆಧಾರದಿಂದ ಜೋಡಿಸಲಾಗಿದೆ. ಆ ಗೋಡೆಯ ಒಂದು ದೃಶ್ಯಕ್ಕೆ, ಸಂತ ಯಾಕೋಬನನ್ನು ಮರಣದಂಡನೆಗೆ ಕರೆದೊಯ್ಯುವ ದೃಶ್ಯಕ್ಕೆ, ಮಾಂತೆನ್ಯ ಮಾಡಿದ ರೇಖಾಚಿತ್ರ ಮಾತ್ರ ಇಡಿಯಾಗಿ ಉಳಿದಿದೆ. ಅದು ಇರುವುದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ. ಊರು ಬಿಟ್ಟಿದ್ದರಿಂದಲೇ ಬದುಕಿದ ಕಾಗದ ಅದು.

ನಾಲ್ವರು ಸಂತರನ್ನು ನೋಡಬೇಕೆಂದು ಲಾಸ್ ಏಂಜಲೀಸಿನ ಬೆಟ್ಟದ ಮೇಲೆ 1997ರಲ್ಲಿ ತೆರೆದ ಗೆಟ್ಟಿ ಕೇಂದ್ರಕ್ಕೆ ಹೋದವರಿಗೆ ಅವರು ಕಾಣುತ್ತಾರೆಂಬ ಖಾತ್ರಿಯಿಲ್ಲ. ಹಳೆಯ ಮಸಿಗೂ ಕಾಗದಕ್ಕೂ ಬೆಳಕೇ ವೈರಿ. ರೇಖಾಚಿತ್ರಗಳನ್ನು ಕೆಲವು ತಿಂಗಳು ಮಂದ ಬೆಳಕಿನಲ್ಲಿ ತೋರಿಸಿ ವರ್ಷಗಟ್ಟಲೆ ಕತ್ತಲೆಯ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ. ಅದೇ ಪೇತ್ರ, ಪೌಲ, ಯೊವಾನ್ನ ಮತ್ತು ಝೆನೋ ವೆರೋನಾದಲ್ಲಿ ಆಳೆತ್ತರದಲ್ಲಿ ನಿಂತಿದ್ದಾರೆ, ಬಲಗೋಡೆಯ ಕಿಟಕಿಯ ಬೆಳಕು ದಿನವೂ ಅವರ ಮುಖದ ಮೇಲೆ ಬೀಳುತ್ತದೆ, ಕಾಲ ಕೆಳಗೆ ಮೂರು ನಕಲು ಚಿತ್ರಗಳಿವೆ.